ನೀರಿನ ಕಟ್ಟಳೆ, ವಸ್ತಿಯ ಸುಖ

ಹಿಡಕಲ್ ಜಲಾಶಯ ತುಂಬಿ ಘಟಪ್ರಭೆಗೆ ನೀರು ಬಿಟ್ಟರೆಂಬ ಸುದ್ದಿ ಹಬ್ಬಿದರೆ ಸಾಕು, ಗೋಕಾಕದ ಧಬಧಬೆಯ ದಾರಿಯಲ್ಲಿ ವಾಹನಗಳ ಸಾಲು ಶುರುವಾಗುತ್ತದೆ. 52 ಮೀಟರ್ ಎತ್ತರದ ಬಂಡೆಯಿಂದ ಕೆಂಪು ನೀರು ಧುಮುಕುವುದನ್ನು ಜನ ಕಣ್ತುಂಬ ನೋಡುತ್ತಾರೆ, ತೂಗುಸೇತುವೆಯ ಬಳಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಮನೆಯವರಿಗೆಂದು ಕರದಂಟಿನ ಪೊಟ್ಟಣ ಕಟ್ಟಿಸಿಕೊಳ್ಳುತ್ತಾರೆ, ಹೊತ್ತು ಮುಳುಗುವುದರೊಳಗೆ ಬೆಳಗಾವಿಯ ಕಡೆಗೋ ಹುಬ್ಬಳ್ಳಿಯ ಕಡೆಗೋ ಗಾಡಿ ತಿರುಗಿಸುತ್ತಾರೆ. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತದ ಕತೆಯೂ ಹೆಚ್ಚು ಬೇರೆಯಲ್ಲ. ನೋಡಲು ಬರುವವರು ಬಹಳ, ವಸ್ತಿ ಉಳಿಯುವವರು ಕಡಿಮೆ. ಏಕೆಂದು ಕೇಳಿದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಉತ್ತರ: ಒಳ್ಳೆಯ ಹೋಟೆಲಿಲ್ಲ, ರೆಸಾರ್ಟಿಲ್ಲ. ಈ ಉತ್ತರ ಅರ್ಧ ಮಾತ್ರ ಸರಿ ಎಂದು ನನ್ನ ವಾದ. ನೀರಿನ ದಡದಲ್ಲಿ ಜನ ಒಂದು ರಾತ್ರಿ ಉಳಿಯಬೇಕೆಂದರೆ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಆ ನೀರನ್ನು ಹೇಗೆ ಬಳಸಬೇಕೆಂಬ ಬಗ್ಗೆ ಊರಿನವರೆಲ್ಲ ಕೂಡಿ ಮಾಡಿಕೊಂಡ ಕಟ್ಟಳೆ. ಇದಕ್ಕೆ ಜಗತ್ತಿನಲ್ಲಿ ಸಿಗುವ ಅತ್ಯಂತ ಗಟ್ಟಿ ಸಾಕ್ಷಿ ಜಪಾನಿನ ಬಿಸಿನೀರಿನ ಬುಗ್ಗೆಯ ಊರುಗಳಲ್ಲಿದೆ.

ಅಲ್ಲಿ ಬಿಸಿನೀರಿನ ಬುಗ್ಗೆಗೆ ಒನ್ಸೆನ್ ಎನ್ನುತ್ತಾರೆ, ಅದರ ಪಕ್ಕದ ಹಳೇ ಪದ್ಧತಿಯ ತಂಗುಮನೆಗೆ ರ್‍ಯೋಕಾನ್. ಮಧ್ಯಾಹ್ನ ಮೂರರ ಸುಮಾರಿಗೆ ಹೋದ ಅತಿಥಿ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾನೆ. ಕೋಣೆಯಲ್ಲಿ ಮಂಚವಿಲ್ಲ, ಕುರ್ಚಿಯಿಲ್ಲ. ನೆಲಕ್ಕೆ ತತಾಮಿ ಚಾಪೆ, ನಡುವೆ ಒಂದು ಗಿಡ್ಡ ಮೇಜು, ಅದರ ಮೇಲೆ ಬಿಸಿ ಚಹಾ ಮತ್ತು ಆ ಊರಿನದೇ ಒಂದು ಸಿಹಿ. ತೊಡಲು ಯುಕಾತಾ ಎಂಬ ಹತ್ತಿಯ ನಿಲುವಂಗಿ ಕೊಡುತ್ತಾರೆ. ಅದರ ಎಡ ಮಗ್ಗುಲು ಬಲದ ಮೇಲೆ ಬರಬೇಕು, ತಿರುವುಮುರುವಾದರೆ ಅದು ಶವಕ್ಕೆ ಉಡಿಸುವ ರೀತಿ. ಆಮೇಲೆ ಸ್ನಾನ. ಗೋಡೆಗುಂಟ ನಲ್ಲಿಗಳು, ಒಂದೊಂದು ನಲ್ಲಿಯ ಮುಂದೆ ಒಂದು ಗಿಡ್ಡ ಮಣೆ, ಒಂದು ಬೋಗುಣಿ. ಬಟ್ಟೆಯನ್ನೆಲ್ಲ ಹೊರಗಿನ ಬುಟ್ಟಿಯಲ್ಲಿ ಬಿಟ್ಟು ಬಂದವರು ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಮೈ ತಿಕ್ಕಿ, ನೊರೆಯ ಗುರುತೂ ಉಳಿಯದಂತೆ ನೀರು ಹೊಯ್ದುಕೊಂಡ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಕಾಲಿಡಬೇಕು. ತೊಟ್ಟಿಯಲ್ಲಿ ಸೋಪಿಲ್ಲ, ಈಜಿಲ್ಲ, ತಲೆ ಮುಳುಗಿಸುವಂತಿಲ್ಲ. ಉದ್ದ ಕೂದಲಿದ್ದವರು ಮೇಲಕ್ಕೆ ಕಟ್ಟಿಕೊಳ್ಳಬೇಕು, ಕೈಯಲ್ಲಿನ ಸಣ್ಣ ವಸ್ತ್ರ ಕೂಡ ನೀರಿಗೆ ತಾಕಕೂಡದು. ಬಹಳಷ್ಟು ಜನ ಅದನ್ನು ಮಡಚಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ನೀರು ಸುಮಾರು 40ರಿಂದ 42 ಡಿಗ್ರಿ ಇರುವುದರಿಂದ ಹತ್ತು ನಿಮಿಷಕ್ಕೆಲ್ಲ ಮೈ ಸಡಿಲಾಗುತ್ತದೆ. ಹೊರಬಂದರೆ ಊಟ ಸಿದ್ಧ: ಸುತ್ತಲಿನ ಹೊಲ, ಹೊಳೆ, ಕಡಲಿನಿಂದ ಬಂದ ಪದಾರ್ಥ, ಸಣ್ಣ ಸಣ್ಣ ಬಟ್ಟಲುಗಳಲ್ಲಿ ಒಂದರ ಹಿಂದೆ ಒಂದು. ಅತಿಥಿ ಉಣ್ಣುವ ಹೊತ್ತಿಗೆ ಕೋಣೆಯಲ್ಲಿ ಮೇಜು ಸರಿಸಿ ಹಾಸಿಗೆ ಹಾಸಿರುತ್ತಾರೆ. ಬೆಳಿಗ್ಗೆ ಮತ್ತೊಂದು ಸ್ನಾನ, ನಾಷ್ಟಾ, ಹತ್ತು ಗಂಟೆಗೆ ಬೀಳ್ಕೊಡುಗೆ. ಬಾಡಿಗೆಯನ್ನು ಕೋಣೆಯ ಲೆಕ್ಕದಲ್ಲಲ್ಲ, ಎರಡು ಹೊತ್ತಿನ ಊಟ ಸೇರಿಸಿ ತಲೆಯ ಲೆಕ್ಕದಲ್ಲಿ ಹಿಡಿಯುವುದು ರೂಢಿ.

ಇದಿಷ್ಟನ್ನು ಓದಿದವರಿಗೆ ಇದೊಂದು ದುಬಾರಿ ಶೋಕಿ ಅನ್ನಿಸಬಹುದು. ಇವತ್ತಿನ ದರ ನೋಡಿದರೆ ಆ ಮಾತು ಸುಳ್ಳೂ ಅಲ್ಲ. ಸಾಧಾರಣ ಕಡೆಯಲ್ಲೂ ತಲೆಗೆ 15 ಸಾವಿರ ಯೆನ್ ಆಸುಪಾಸು, ಅಂದರೆ ಎಂಟೊಂಬತ್ತು ಸಾವಿರ ರೂಪಾಯಿ ಬೀಳುತ್ತದೆ. ಆದರೆ ಈ ವ್ಯವಸ್ಥೆಯನ್ನು ಶತಮಾನಗಳ ಕಾಲ ಉಳಿಸಿದವರಲ್ಲಿ ಒಕ್ಕಲಿಗರ ಪಾಲು ದೊಡ್ಡದು. ನಾಟಿ ಮುಗಿದ ಮೇಲೆ, ಸುಗ್ಗಿ ಮುಗಿದ ಮೇಲೆ, ಬೆನ್ನು ಸೊಂಟ ಹಿಡಿದುಕೊಂಡ ರೈತ ಕುಟುಂಬಗಳು ಅಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು ಬುಗ್ಗೆಯ ಊರಿಗೆ ಹೋಗಿ ವಾರಗಟ್ಟಲೆ ಇರುತ್ತಿದ್ದವು. ತಂಗುಮನೆ ಕೊಡುತ್ತಿದ್ದದ್ದು ಮಲಗಲು ಜಾಗ, ಒಲೆ ಹೂಡಲು ಜಾಗ, ದಿನಕ್ಕೆ ಎರಡು ಮೂರು ಬಾರಿ ಬಿಸಿನೀರು. ತೋಜಿ ಎಂದು ಕರೆಯುವ ಈ ರೂಢಿಯಲ್ಲಿ ಏಳು ದಿನಕ್ಕೆ ಒಂದು ಸುತ್ತು, ಮೂರು ಸುತ್ತು ಮುಗಿದರೆ ಪೂರ್ಣ ಎಂಬ ಲೆಕ್ಕವಿತ್ತು. ಉತ್ತರ ಜಪಾನಿನ ಕೆಲವು ಕಡೆ ತಾವೇ ಅಡಿಗೆ ಮಾಡಿಕೊಳ್ಳುವ ಅಗ್ಗದ ಕೋಣೆಗಳು ಈಗಲೂ ಇವೆ. ಯಾಮಾನಾಶಿ ಪ್ರಾಂತದ ನಿಶಿಯಾಮಾ ಒನ್ಸೆನ್ ಕೇಉನ್‌ಕಾನ್ ಎಂಬ ತಂಗುಮನೆ ಕ್ರಿ.ಶ. 705ರಲ್ಲಿ ಶುರುವಾಯಿತೆಂದು ಹೇಳುತ್ತಾರೆ, ಜಗತ್ತಿನ ಅತಿ ಹಳೆಯ ಹೋಟೆಲೆಂದು ಗಿನ್ನೆಸ್ ಅದನ್ನು ದಾಖಲಿಸಿದೆ. ನಮ್ಮಲ್ಲಿ ಬಾದಾಮಿ ಚಾಲುಕ್ಯರು ಆಳುತ್ತಿದ್ದ ಕಾಲ ಅದು. ಹೊರಗಿನಿಂದ ಬರುವ ಸಿರಿವಂತರನ್ನಷ್ಟೇ ನೆಚ್ಚಿಕೊಂಡ ಕಸುಬು ಇಷ್ಟು ತಲೆಮಾರು ಬಾಳುವುದಿಲ್ಲ.

ಹಾಗಾದರೆ ಬಾಳಿಸಿದ್ದು ಏನು? ಹಿಯೋಗೊ ಪ್ರಾಂತದ ಕಿನೊಸಾಕಿ ಎಂಬ ಊರಿನ ಜಗಳವೊಂದನ್ನು ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ಮೊದಲಿನಿಂದಲೂ ತಂಗುಮನೆಗಳೊಳಗೆ ಬಿಸಿನೀರಿನ ತೊಟ್ಟಿ ಇರಲಿಲ್ಲ. ಬುಗ್ಗೆ ಊರಿನ ಸೊತ್ತು. ಅತಿಥಿಗಳು ಯುಕಾತಾ ತೊಟ್ಟು, ಮರದ ಪಾದುಕೆ ಟಕಟಕ ಅನ್ನಿಸುತ್ತ ಬೀದಿಯಲ್ಲಿ ನಡೆದು ಸಾರ್ವಜನಿಕ ಸ್ನಾನದ ಮನೆಗೆ ಹೋಗಬೇಕಾಗಿತ್ತು. 1925ರ ಮೇ ತಿಂಗಳ ಭೂಕಂಪ, ಬೆಂಕಿಯಲ್ಲಿ ಊರು ನಾಶವಾಯಿತು. ಮತ್ತೆ ಕಟ್ಟುವಾಗ, 1927ರಲ್ಲಿ, ಹಳೆಯ ತಂಗುಮನೆಯೊಂದು ತನ್ನ ಅಂಗಳದಲ್ಲೇ ಸ್ವಂತ ಸ್ನಾನದ ಮನೆ ಮಾಡಿಕೊಂಡಿತು. ಊರು ಸಿಡಿದೆದ್ದಿತು. ಒಬ್ಬ ತನ್ನ ನೆಲದಲ್ಲಿ ನೀರು ತೆಗೆದುಕೊಂಡರೆ ಎಲ್ಲರ ನೀರು ಏನಾಗಬೇಕು, ಅತಿಥಿಗಳು ಬೀದಿಗೇ ಇಳಿಯದಿದ್ದರೆ ಸಣ್ಣ ಅಂಗಡಿಯವರ ಗತಿ ಏನು ಎಂಬುದು ಜನರ ಪ್ರಶ್ನೆ. ಕೋರ್ಟು ಕಚೇರಿ ಇಪ್ಪತ್ತು ವರ್ಷ ದಾಟಿತು. ಕೊನೆಗೆ 1950ರಲ್ಲಿ ರಾಜಿಯಾಯಿತು: ತಂಗುಮನೆಗಳು ಒಳಗೆ ಸಣ್ಣ ತೊಟ್ಟಿ ಇಟ್ಟುಕೊಳ್ಳಬಹುದು, ಆದರೆ ಅಳತೆಗೆ ಮಿತಿಯಿದೆ, ಬುಗ್ಗೆಯ ನೀರು ಮಾತ್ರ ಊರಿನ ಹಿಡಿತದಲ್ಲೇ ಉಳಿದು ಎಲ್ಲರಿಗೂ ಹಂಚಿಕೆಯಾಗಬೇಕು. ಇವತ್ತು ಕಿನೊಸಾಕಿಯ ಯಾವ ತಂಗುಮನೆಯಲ್ಲಿ ಉಳಿದರೂ ಊರಿನ ಸಾರ್ವಜನಿಕ ಸ್ನಾನದ ಮನೆಗಳಿಗೆ ಹೋಗುವ ಪಾಸು ಕೈಗೆ ಬರುತ್ತದೆ, ಸಂಜೆಯಾದರೆ ಬೀದಿ ತುಂಬ ಜನ. ಕ್ಯೂಶು ದ್ವೀಪದ ಕುರೊಕಾವಾ ಇನ್ನೂ ಮುಂದೆ ಹೋಯಿತು. ಸುಮಾರು ಮೂವತ್ತು ತಂಗುಮನೆಗಳ ಆ ಸಣ್ಣ ಊರನ್ನು ಕೇಳುವವರೇ ಇಲ್ಲದಂಥ ಕಾಲವಿತ್ತು. 1986ರಲ್ಲಿ ಅಲ್ಲಿನವರು ಮರದ ಬಿಲ್ಲೆಯೊಂದನ್ನು ಮಾಡಿದರು; ಅದನ್ನು ಕೊಂಡವರು ಯಾವುದೇ ಮೂರು ತಂಗುಮನೆಗಳ ಬಯಲು ಸ್ನಾನದ ತೊಟ್ಟಿಗೆ ಇಳಿಯಬಹುದು. ಜೊತೆಗೆ ತಮ್ಮ ತಮ್ಮ ಜಾಹೀರಾತು ಫಲಕಗಳನ್ನು ಕಿತ್ತು ಹಾಕಿದರು, ಕಟ್ಟಡಗಳ ಬಣ್ಣ ಒಂದೇ ಬಗೆಯದಾಯಿತು, ನಡುವೆ ಮರ ನೆಟ್ಟರು. ಪಕ್ಕದ ಮನೆಯವನ ಗಿರಾಕಿ ತನ್ನ ಮನೆಗೂ ಬರುತ್ತಾನೆಂದು ಪೈಪೋಟಿಯವರು ಒಪ್ಪಿದ ದಿನದಿಂದ ಊರಿನ ದೆಸೆ ತಿರುಗಿತು.

ಊರಿನ ಒಪ್ಪಂದದ ಬೆನ್ನಿಗೆ ಕಾನೂನೂ ನಿಂತಿದೆ. 1948ರ ಒನ್ಸೆನ್ ಕಾಯಿದೆಯ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿಗಿಂತ ಬೆಚ್ಚಗಿರಬೇಕು, ಇಲ್ಲವೇ ಪಟ್ಟಿ ಮಾಡಿದ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿ ಇರಬೇಕು. ಆಗಲೇ ಅದಕ್ಕೆ ಒನ್ಸೆನ್ ಎಂಬ ಹೆಸರು. ಹೊಸದಾಗಿ ಕೊರೆಯಲು ಪ್ರಾಂತದ ಗವರ್ನರರ ಪರವಾನಗಿ ಬೇಕು. ಈಗಿರುವ ಬುಗ್ಗೆಯ ಪ್ರಮಾಣ, ಬಿಸಿ, ಗುಣಕ್ಕೆ ಧಕ್ಕೆಯಾಗುವುದಾದರೆ ಪರವಾನಗಿ ನಿರಾಕರಿಸಬಹುದು. ನೀರಿನ ಪರೀಕ್ಷೆಯ ವರದಿಯನ್ನು ಬರುವವರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು. ಸ್ನಾನ ಮಾಡುವ ಪ್ರತಿಯೊಬ್ಬರಿಂದ ಸ್ಥಳೀಯ ಆಡಳಿತ ಸಾಮಾನ್ಯವಾಗಿ 150 ಯೆನ್ ತೆರಿಗೆ ಹಿಡಿಯುತ್ತದೆ, ನಮ್ಮ ನೂರು ರೂಪಾಯಿಯೊಳಗಿನ ಮೊತ್ತ. ಆ ಹಣ ಬುಗ್ಗೆಯ ರಕ್ಷಣೆ, ನೈರ್ಮಲ್ಯ, ಅಗ್ನಿಶಾಮಕ ಸೌಕರ್ಯ, ಪ್ರವಾಸೋದ್ಯಮ ಇವಕ್ಕೇ ಮೀಸಲು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಬೆನ್ನೆಲುಬು ಈ ಸಣ್ಣ ತೆರಿಗೆ. ನೀರಿನಿಂದ ಬಂದ ದುಡ್ಡು ನೀರಿಗೇ ಮರಳುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಜಪಾನ್ ನೂರಕ್ಕೂ ಹೆಚ್ಚು ಜೀವಂತ ಜ್ವಾಲಾಮುಖಿಗಳ ನಾಡು, ಅಲ್ಲಿ ಅಗೆದಲ್ಲೆಲ್ಲ ಬಿಸಿನೀರು, ನಮಗೇನಿದೆ? ಗೋಕಾಕದ ಕಲ್ಲು ಜ್ವಾಲಾಮುಖಿಯ ಬಿಸಿಯನ್ನು ಕಾಣದ ಹಳೆಯ ಮರಳುಗಲ್ಲು. ದಖ್ಖನಿನ ಲಾವಾ ತಣಿದು ಆರು ಕೋಟಿ ವರ್ಷ ಮೀರಿತು. ನಿಜ. ಆದರೆ ಬಿಸಿನೀರು ಇರುವ ಕಡೆ ಏನಾಗಿದೆ ಎಂಬುದನ್ನೂ ನೋಡಬೇಕು. ಕೊಲ್ಲಾಪುರ ದಾಟಿ ಘಟ್ಟ ಇಳಿದರೆ ಕೊಂಕಣದಲ್ಲಿ ಬಿಸಿನೀರಿನ ಬುಗ್ಗೆಗಳ ಒಂದು ಸಾಲೇ ಇದೆ: ರಾಜಾಪುರದ ಬಳಿ ಉನ್ಹಾಳೆ, ಮೇಲಕ್ಕೆ ತುರಳ್, ಆರವಲಿ, ಉನ್ಹವರೆ, ಮುಂಬಯಿಯ ಹತ್ತಿರ ವಜ್ರೇಶ್ವರಿ, ಗಣೇಶಪುರಿ. ಮಳೆಯ ನೀರು ಬಿರುಕುಗಳಲ್ಲಿ ಆಳಕ್ಕಿಳಿದು ಭೂಮಿಯ ಒಡಲಿನ ಬಿಸಿಗೆ ಕಾದು, ತಣಿಯುವ ಮೊದಲೇ ಮೇಲೇರಿ ಬರುವುದರಿಂದ ಹುಟ್ಟಿದ ಬುಗ್ಗೆಗಳವು. ನಮ್ಮ ರಾಜ್ಯದಲ್ಲೇ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥವಿದೆ. ಗಂಧಕದ ವಾಸನೆಯ, ಮೈಗೆ ಹಿತವಾಗುವಷ್ಟು ಬೆಚ್ಚನೆಯ ನೀರು. ಚರ್ಮದ ಕಾಯಿಲೆ ವಾಸಿಯಾಗುತ್ತದೆಂಬ ನಂಬಿಕೆಯಿಂದ ಜನ ಅಲ್ಲಿಗೆ ಬಂದು ಮಿಂದು ಹೋಗುತ್ತಾರೆ. ಇಷ್ಟಿದ್ದೂ ಕಿನೊಸಾಕಿಯಂಥ ಊರು ಇಲ್ಲೆಲ್ಲೂ ಹುಟ್ಟಲಿಲ್ಲ. ಬಿಸಿನೀರೊಂದೇ ಸಾಕಾಗಿದ್ದರೆ ಹುಟ್ಟಬೇಕಾಗಿತ್ತು. ಬುಗ್ಗೆಯ ಸುತ್ತ ಮುತ್ತ ಕೊಳವೆಬಾವಿಗಳು ಹೆಚ್ಚಿದಷ್ಟೂ ಅದರ ಒತ್ತಡ ಕುಗ್ಗುವ ಅಪಾಯವಿದೆ. ನಮ್ಮಲ್ಲಿ 2011ರ ಅಂತರ್ಜಲ ಕಾಯಿದೆ ಇದ್ದರೂ, ಒಂದು ಬುಗ್ಗೆಯನ್ನು ಊರಿನ ಅನ್ನದ ಮೂಲವೆಂದು ಕಂಡು ಅದರ ನೆರೆಹೊರೆಯನ್ನು ಕಾಯುವ ರೂಢಿ ಬೆಳೆದಿಲ್ಲ.

ನಮ್ಮ ಜನಕ್ಕೆ ಇಂಥ ಶಿಸ್ತು ಒಗ್ಗುವುದಿಲ್ಲ ಎನ್ನುವುದು ಎರಡನೆಯ ಆಕ್ಷೇಪ. ಇದನ್ನು ನಾನು ಒಪ್ಪುವುದಿಲ್ಲ. ಹೊರಗಿನಿಂದ ಬಂದವರಿಗೆ ಮೊದಲು ಕೈಕಾಲಿಗೆ ನೀರು ಕೊಡುವ ಮನೆಗಳು ನಮ್ಮವು. ಬಚ್ಚಲಲ್ಲಿ ಮಣೆ ಹಾಕಿ ಕುಳಿತು ತಂಬಿಗೆಯಿಂದ ಹೊಯ್ದುಕೊಳ್ಳುವ ಜಳಕ ನಮಗೆ ಹೊಸದಲ್ಲ. ದೀಪಾವಳಿಗೆ ಮೊದಲು ನೀರು ತುಂಬುವ ಹಬ್ಬವೆಂದೇ ಒಂದು ದಿನವಿದೆ. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ, ಮರುದಿನ ನಸುಕಿನಲ್ಲಿ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಬಿಸಿನೀರು ಎರೆದುಕೊಳ್ಳುತ್ತಾರೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಜೋಗುಳಬಾವಿಯಲ್ಲಿ ಮಿಂದೇ ಮುಂದಕ್ಕೆ ಹೋಗುವುದು. ನೀರಿನ ಮುಂದೆ ಒಂದು ನೇಮ ಪಾಲಿಸುವುದು ನಮ್ಮ ಜನರಿಗೆ ಚೆನ್ನಾಗಿ ಗೊತ್ತು. ಮನೆಯ ಬಚ್ಚಲಿಗೆ, ದೇವರ ಹೊಂಡಕ್ಕೆ ಇರುವ ಆ ನೇಮ ಊರ ಹೊಳೆಗೆ ಬಂದಿಲ್ಲ, ಅಷ್ಟೇ. ಆರೋಗ್ಯಕ್ಕಾಗಿ ಊರು ಬಿಟ್ಟು ಬಂದು ಕೆಲವು ದಿನ ತಂಗುವ ರೂಢಿಗೂ ಈ ಸೀಮೆಯಲ್ಲಿ ಬೇರಿದೆ. ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಘಟಪ್ರಭಾದ ಕರ್ನಾಟಕ ಆರೋಗ್ಯಧಾಮ ಸ್ವಾತಂತ್ರ್ಯಕ್ಕೆ ಮೊದಲೇ ಶುರುವಾದದ್ದು. ಒಳ್ಳೆಯ ಗಾಳಿ, ಸಮೀಪದ ಹೊಳೆ, ರೈಲಿನ ಅನುಕೂಲ ಇದ್ದ ಊರಿಗೆ ದೂರದೂರದಿಂದ ರೋಗಿಗಳು ಬಂದು ಉಳಿದು ಚೇತರಿಸಿಕೊಂಡರು. ಜಪಾನಿನ ಕತೆಗಾರ ಶಿಗಾ ನಾವೊಯಾ 1913ರಲ್ಲಿ ರೈಲಿಗೆ ಸಿಕ್ಕಿ ಗಾಯಗೊಂಡು ಕಿನೊಸಾಕಿಗೆ ಹೋಗಿ ಮೂರು ವಾರ ಉಳಿದದ್ದೂ ಇದೇ ಬಗೆಯ ಚೇತರಿಕೆಗಾಗಿ.

ಜಪಾನಿನವರು ಮಾಡಿದ್ದೆಲ್ಲ ಸರಿ ಎಂದು ಸಾಧಿಸುವ ಇರಾದೆ ನನಗಿಲ್ಲ. 2004ರಲ್ಲಿ ನಾಗಾನೊ ಪ್ರಾಂತದ ಶಿರಾಹೊನೆ ಒನ್ಸೆನ್‌ನಲ್ಲಿ ಹಾಲಿನಂಥ ಬಿಳಿ ನೀರಿಗೆ ಹೆಸರಾದ ಕೆಲವು ಕಡೆ ಬಣ್ಣ ಬರಲೆಂದು ಪುಡಿ ಬೆರೆಸುತ್ತಿದ್ದದ್ದು ಬಯಲಾಯಿತು. ದೇಶವೆಲ್ಲ ಗದ್ದಲವೆದ್ದು ಮರುವರ್ಷವೇ ನಿಯಮ ಬಿಗಿಯಾಯಿತು: ತಣ್ಣೀರು ಬೆರೆಸಿದ್ದರೆ, ಕಾಯಿಸಿದ್ದರೆ, ಅದೇ ನೀರನ್ನು ತಿರುತಿರುಗಿ ಬಳಸಿದ್ದರೆ, ಏನನ್ನಾದರೂ ಸೇರಿಸಿದ್ದರೆ ಅದನ್ನು ಬರೆದು ಹಾಕಲೇಬೇಕು. 2023ರಲ್ಲಿ ಫುಕುವೊಕಾ ಪ್ರಾಂತದ ಹಳೆಯ ತಂಗುಮನೆಯೊಂದು ವಾರಕ್ಕೊಮ್ಮೆಯಾದರೂ ಬದಲಿಸಬೇಕಾದ ನೀರನ್ನು ವರ್ಷಕ್ಕೆ ಎರಡೇ ಸಲ ಬದಲಿಸುತ್ತಿದ್ದದ್ದು ಹೊರಬಿತ್ತು. ನಿಗದಿತ ಮಿತಿಯ 3,700 ಪಟ್ಟು ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಅದರಲ್ಲಿತ್ತು. 1980ರ ಸುಮಾರಿಗೆ 80 ಸಾವಿರ ದಾಟಿದ್ದ ರ್‍ಯೋಕಾನ್‌ಗಳ ಸಂಖ್ಯೆ ಈಗ ಅದರ ಅರ್ಧಕ್ಕೂ ಕೆಳಗಿದೆ. ಮುಂದುವರಿಸುವ ಮಕ್ಕಳಿಲ್ಲ, ಕೆಲಸಕ್ಕೆ ಆಳಿಲ್ಲ. ಇವೆಲ್ಲ ನನ್ನ ವಾದವನ್ನು ಕೆಡವುವುದಿಲ್ಲ, ಗಟ್ಟಿ ಮಾಡುತ್ತವೆ. ಹೆಸರು, ಹಳಮೆ, ನಯವಿನಯ ಯಾವುದೂ ನೀರನ್ನು ಶುದ್ಧವಾಗಿಡಲಿಲ್ಲ. ಪರೀಕ್ಷೆ ಮಾಡುವವರಿದ್ದರು, ಪ್ರಶ್ನೆ ಕೇಳುವ ಜನರಿದ್ದರು, ತಪ್ಪಿಗೆ ಬೆಲೆ ತೆರಬೇಕಾಯಿತು. ಅದರಿಂದ ಉಳಿದವರು ಎಚ್ಚತ್ತರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಕಟ್ಟಳೆ ಎಂಬುದು ಕೆಲವರನ್ನು ಹೊರಗಿಡುವ ನೆಪವಾಗಬಹುದು. ಹೊಕ್ಕೈಡೊದ ಒತಾರು ನಗರದ ಸ್ನಾನದ ಮನೆಯೊಂದು ವಿದೇಶೀಯರಿಗೆ ಬಾಗಿಲು ಮುಚ್ಚಿತ್ತು. 2002ರಲ್ಲಿ ಸಪ್ಪೊರೊ ನ್ಯಾಯಾಲಯ ಅದು ಜನಾಂಗ ಭೇದವೆಂದು ತೀರ್ಪಿತ್ತು ಪರಿಹಾರ ಕೊಡಿಸಿತು. ಮೈಮೇಲೆ ಹಚ್ಚೆಯಿದ್ದವರನ್ನು ಬಿಡದ ಸ್ನಾನದ ಮನೆಗಳು ಅಲ್ಲಿ ಇಂದೂ ಇವೆ. ನಮ್ಮ ನಾಡಿನಲ್ಲಂತೂ ನೀರಿನ ಕಟ್ಟಳೆಯ ಹೆಸರಿನಲ್ಲಿ ನಡೆದ ಅನ್ಯಾಯ ಇದಕ್ಕಿಂತ ನೂರು ಪಟ್ಟು ದೊಡ್ಡದು. ಕೊಂಕಣದ ಮಹಾಡದಲ್ಲಿ ಊರ ಕೆರೆಯ ನೀರನ್ನು ಮುಟ್ಟಲು 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸತ್ಯಾಗ್ರಹವನ್ನೇ ಹೂಡಬೇಕಾಯಿತು. ಆದ್ದರಿಂದ ಇಲ್ಲಿ ಯಾವುದೇ ಕಟ್ಟಳೆ ಮಾಡುವಾಗ ಮೊದಲ ಸಾಲು ಸ್ಪಷ್ಟವಾಗಿರಬೇಕು: ಏನು ಮಾಡಕೂಡದು ಎಂಬುದಕ್ಕೆ ನಿಯಮವಿರಲಿ, ಯಾರು ಬರಕೂಡದು ಎಂಬುದಕ್ಕೆ ಬೇಡ. ಜಪಾನಿನ ತೊಟ್ಟಿಯ ನಿಜವಾದ ಹಿರಿಮೆಯೂ ಇಲ್ಲೇ ಇದೆ. ಬಟ್ಟೆ ಕಳಚಿಟ್ಟು ಬಂದವರಲ್ಲಿ ಸಾಹುಕಾರ ಯಾರು, ಕೂಲಿಯಾಳು ಯಾರು ಎಂದು ತಿಳಿಯುವುದಿಲ್ಲ, ಎಲ್ಲರೂ ಒಂದೇ ನೀರಿನಲ್ಲಿ ಕೊರಳವರೆಗೆ ಮುಳುಗಿರುತ್ತಾರೆ. ಬೆತ್ತಲೆ ಸ್ನಾನ ನಮಗೆ ಹಿಡಿಸದು, ಹಿಡಿಸಬೇಕಾಗಿಯೂ ಇಲ್ಲ. ಒಂದೇ ನೀರೆಂಬ ಮಾತನ್ನು ಮಾತ್ರ ಬಿಡುವಂತಿಲ್ಲ.

ಗೋಕಾಕಕ್ಕೆ ಇದರಿಂದ ಏನು ಪ್ರಯೋಜನ? ಇಲ್ಲಿ ಬುಗ್ಗೆಯಿಲ್ಲದಿದ್ದರೂ ಸೊತ್ತು ಕಡಿಮೆಯೇನಿಲ್ಲ. ಧಬಧಬೆ, ಅದರ ಮಗ್ಗುಲಿಗೆ ಹಳೆಯ ಶಿವಾಲಯ, ಹೊಳೆಯ ಶಕ್ತಿಯಿಂದಲೇ ಹತ್ತೊಂಬತ್ತನೇ ಶತಮಾನದ ಕೊನೆಗೆ ನಡೆಯತೊಡಗಿದ ನೂಲಿನ ಗಿರಣಿ, 1974ರಲ್ಲಿ ಘೋಷಣೆಯಾದ, ಧೂಪದಾಳದ ಹಿನ್ನೀರಿನ ಪಕ್ಷಿಧಾಮ, ಹುಕ್ಕೇರಿಯ ಗುಮ್ಮಟಗಳು, 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯ ಎಲ್ಲವೂ ಹತ್ತಿರ ಹತ್ತಿರವೇ ಇವೆ, ಆದರೆ ಒಂದು ದಿನದಲ್ಲಿ ನೋಡಿ ಮುಗಿಸಲಾಗದಷ್ಟಿವೆ. ಊಟದ ಮಾತಂತೂ ಕೇಳುವುದೇ ಬೇಡ: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಕೋಣೆಗೆ ಬಂದವರಿಗೆ ಊರಿನದೇ ಸಿಹಿ ಕೊಡಬೇಕೆಂದರೆ, ತುಪ್ಪದಲ್ಲಿ ಅರಳಿಸಿದ ಅಂಟು, ಬೆಲ್ಲ, ಒಣಕೊಬ್ಬರಿ ಕೂಡಿಸಿ ಮಾಡಿದ ಕರದಂಟಿಗಿಂತ ಒಳ್ಳೆಯದು ಯಾವುದಿದೆ? ಇಷ್ಟನ್ನೂ ಬಿಟ್ಟು ಹೊಳೆಯ ದಂಡೆಯ ಮೇಲೆ ಗಾಜು ಸಿಮೆಂಟಿನ ರೆಸಾರ್ಟು ಎಬ್ಬಿಸಿದರೆ ಏನಾಗುತ್ತದೆಂದು 2019ರ ಆಗಸ್ಟ್ ತೋರಿಸಿಕೊಟ್ಟಿದೆ. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಮನೆಗಳ ಒಳಗೇ ನೀರು ನುಗ್ಗಿತ್ತು. ನೆರೆಯ ನೀರು ಮುಟ್ಟಿದ ಗೆರೆಯಿಂದ ಹೊಳೆಯ ಕಡೆಗೆ ಏನನ್ನೂ ಕಟ್ಟಕೂಡದು ಎಂಬುದೇ ಕಟ್ಟಳೆಯ ಎರಡನೆಯ ಸಾಲಾಗಬೇಕು. ಬಂಡೆಯ ಅಂಚಿಗೆ ಹೋಗಿ ಜೀವ ಕಳೆದುಕೊಂಡವರಿದ್ದಾರೆ, ಆದ್ದರಿಂದ ಅಂಚಿನ ಕಾವಲು ಮೂರನೆಯದು.

ಉಳಿದದ್ದಕ್ಕೆ ಬಹಳ ಬಂಡವಾಳ ಬೇಡ. ಕೊಣ್ಣೂರು, ಧೂಪದಾಳ, ಗೋಕಾಕ ಫಾಲ್ಸ್, ಗೊಡಚಿನಮಲ್ಕಿಗಳಲ್ಲಿ ಒಂದೆರಡು ಕೋಣೆ ಖಾಲಿ ಇರುವ ಮನೆಗಳವರು ಒಂದು ಸಂಘ ಮಾಡಿಕೊಳ್ಳಲಿ. ದರ ಒಂದೇ ಇರಲಿ, ಎರಡು ಹೊತ್ತಿನ ಊಟ ಅದರಲ್ಲೇ ಸೇರಿರಲಿ. ಗಾಡಿಗಳು ದೂರದಲ್ಲೇ ನಿಲ್ಲಲಿ, ಅಲ್ಲಿಂದ ಜನ ನಡೆಯಲಿ, ನಡೆಯುವ ದಾರಿಯಲ್ಲಿ ಊರಿನವರ ಅಂಗಡಿಗಳಿರಲಿ. ಬರುವವರಿಂದ ಸಣ್ಣದೊಂದು ಶುಲ್ಕ ಹಿಡಿದು ಆ ಹಣವನ್ನು ಕಾವಲಿಗೆ, ಶೌಚಾಲಯಕ್ಕೆ, ಕಸ ಎತ್ತುವುದಕ್ಕೆ, ಹೊಳೆಯ ನೀರಿನ ಪರೀಕ್ಷೆಗೆ ಮಾತ್ರ ಖರ್ಚು ಮಾಡಲಿ. ಖರ್ಚಿನ ಲೆಕ್ಕವನ್ನೂ ಪರೀಕ್ಷೆಯ ಫಲಿತಾಂಶವನ್ನೂ ಎಲ್ಲರಿಗೂ ಕಾಣುವಂತೆ ಬರೆದು ಹಾಕಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕುಗಳ ಸ್ಥಳೀಯ ಸಂಸ್ಥೆಗಳು, ನೀರಾವರಿ ಇಲಾಖೆ, ಪ್ರವಾಸೋದ್ಯಮ ಇಲಾಖೆ ಒಂದೇ ಮೇಜಿನ ಸುತ್ತ ಕೂಡಬೇಕಾದದ್ದು ಹೊಸ ಕಟ್ಟಡದ ನಕಾಶೆಗಾಗಿ ಅಲ್ಲ, ಈ ಕಟ್ಟಳೆಗಾಗಿ. ಕಿನೊಸಾಕಿಯವರು ಜಗಳವಾಡಿ ಒಪ್ಪಂದಕ್ಕೆ ಬರಲು ಎರಡು ದಶಕ ತೆಗೆದುಕೊಂಡರು. ನಮ್ಮ ಮುಂದೆ ಅವರ ಅನುಭವವಿದೆ. ಮುಂದಿನ ಮಳೆಗಾಲಕ್ಕೆ ಮೊದಲು ಗೋಕಾಕದವರು ಈ ಮಾತುಕತೆಯನ್ನು ಶುರುಮಾಡಬೇಕು.